ಮೇಲಿಂದ ನೋಡಿದರೆ ಎರಡು, ಕೆಳಗಿಂದ ನೋಡಿದರೆ ಒಂದೇ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ನಮ್ಮಲ್ಲಿ ಅತಂತ್ರ ವಿಧಾನಸಭೆ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. "ಅಮೆರಿಕದಲ್ಲಿ ಇರೋ ಹಾಗೆ ನಮಗೂ ಎರಡೇ ಪಕ್ಷ ಸಾಕಿತ್ತು. ಈ ರೆಸಾರ್ಟು, ಈ ರಾಜೀನಾಮೆ, ಈ ಕುದುರೆ ವ್ಯಾಪಾರ ಯಾವುದೂ ಇರುತ್ತಿರಲಿಲ್ಲ." 2018ರ ಮೇ ತಿಂಗಳಲ್ಲಿ ಇದನ್ನು ಬಸ್ಸಿನಲ್ಲೂ ಕೇಳಿದ್ದೀರಿ, ಟಿ.ವಿ.ಯಲ್ಲೂ ಕೇಳಿದ್ದೀರಿ. 2019ರ ಜುಲೈನಲ್ಲಿ ಸಮ್ಮಿಶ್ರ ಸರ್ಕಾರ ಬಿದ್ದಾಗ ಇನ್ನೂ ಜಾಸ್ತಿ ಕೇಳಿದ್ದೀರಿ. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಎರಡೇ ಪಕ್ಷ ಇರುವ ದೇಶದಲ್ಲಿ ಒಬ್ಬ ಸಾಮಾನ್ಯ ಮತದಾರನ ಪಾಡು ಏನು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಮೇಲೂ ಅದೇ ಬೇಕು ಅನ್ನಿಸಿದರೆ ಹೇಳಿ.

ನಾನು ಹೇಳಬೇಕೆಂದಿರುವುದು ಇಷ್ಟು. ಇಡೀ ದೇಶವನ್ನು ಒಟ್ಟಿಗೆ ನೋಡಿದರೆ ಅಮೆರಿಕದಲ್ಲಿ ಎರಡು ಪಕ್ಷ ಇವೆ, ರಿಪಬ್ಲಿಕನ್ ಮತ್ತು ಡೆಮಾಕ್ರಟಿಕ್. ಆದರೆ ಮತದಾರ ತಾನು ನಿಂತ ಜಾಗದಿಂದ ನೋಡಿದರೆ ಹೆಚ್ಚಿನ ಕಡೆ ಇರುವುದು ಒಂದೇ ಪಕ್ಷ.

ಮ್ಯಾಸಚೂಸೆಟ್ಸ್ ರಾಜ್ಯವನ್ನು ತೆಗೆದುಕೊಳ್ಳಿ. ಬಾಸ್ಟನ್ ಇರುವ ರಾಜ್ಯ. ಅಲ್ಲಿ ಮೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರು ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕುತ್ತಾರೆ. ಆ ರಾಜ್ಯದಿಂದ ನಮ್ಮ ಲೋಕಸಭೆಯಂಥ ಪ್ರತಿನಿಧಿ ಸಭೆಗೆ 9 ಜನ ಹೋಗುತ್ತಾರೆ. ಮೂರನೇ ಒಂದು ಪಾಲು ಅಂದರೆ ಮೂವರಾದರೂ ರಿಪಬ್ಲಿಕನ್ನರು ಇರಬೇಕಲ್ವಾ? ಒಬ್ಬರೂ ಇಲ್ಲ. 1994ರ ನಂತರ ಒಂದು ಸಲವೂ ಅಲ್ಲಿಂದ ರಿಪಬ್ಲಿಕನ್ ಅಭ್ಯರ್ಥಿ ಆ ಸಭೆಗೆ ಗೆದ್ದಿಲ್ಲ. ಈಗ ಓಕ್ಲಹೋಮಾಗೆ ಬನ್ನಿ. ಅಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಡೆಮಾಕ್ರಟಿಕ್ ಪಕ್ಷದ ಕಡೆ. 5 ಸೀಟು. ಐದೂ ರಿಪಬ್ಲಿಕನ್ನರದ್ದು.

ಇದರಲ್ಲಿ ಮೋಸ ಇದೆ ಅಂತ ತಕ್ಷಣ ಅನ್ನಿಸಬಹುದು. ಕ್ಷೇತ್ರದ ಗಡಿಯನ್ನು ಬೇಕಾದ ಹಾಗೆ ಎಳೆಯುವ ಕೆಟ್ಟ ಚಾಳಿ ಅಮೆರಿಕದಲ್ಲಿ ಇದ್ದೇ ಇದೆ. ಎರಡೂ ಪಕ್ಷದವರು ಅದನ್ನು ಮಾಡುತ್ತಾರೆ. ಆ ಬಗ್ಗೆ ತಾನು ಏನೂ ಮಾಡಲಾಗದು ಅಂತ ಅಲ್ಲಿನ ಸುಪ್ರೀಂ ಕೋರ್ಟು 2019ರಲ್ಲಿ ಕೈಚೆಲ್ಲಿತು. ಆದರೆ ಮ್ಯಾಸಚೂಸೆಟ್ಸ್‌ನ ಕಷ್ಟ ಗಡಿ ಎಳೆಯುವವರ ಕೈಯನ್ನೂ ಮೀರಿದ್ದು. ಅಲ್ಲಿನ ರಿಪಬ್ಲಿಕನ್ನರು ರಾಜ್ಯದ ತುಂಬ ಹರಡಿಕೊಂಡಿದ್ದಾರೆ. ಯಾವ ಕ್ಷೇತ್ರದಲ್ಲೂ ಅವರು ಅರ್ಧ ದಾಟುವುದಿಲ್ಲ. ಆದ್ದರಿಂದ ಪ್ರತಿ ಕ್ಷೇತ್ರದಲ್ಲೂ ಸೋಲು. ಎಷ್ಟು ಪ್ರಾಮಾಣಿಕವಾಗಿ ಗಡಿ ಎಳೆದರೂ ಹೆಚ್ಚೇನೂ ಬದಲಾಗುವುದಿಲ್ಲ.

ಅಧ್ಯಕ್ಷರ ಚುನಾವಣೆಯಲ್ಲೂ ಇದೇ ಕಥೆ. 2020ರಲ್ಲಿ ಡೊನಾಲ್ಡ್ ಟ್ರಂಪ್ ಅವರಿಗೆ ಅತಿ ಹೆಚ್ಚು ಮತ ಕೊಟ್ಟ ರಾಜ್ಯ ಯಾವುದು ಅಂತ ಕೇಳಿದರೆ ಬಹಳ ಜನ ಟೆಕ್ಸಾಸ್ ಅನ್ನುತ್ತಾರೆ. ಆ ರಾಜ್ಯ ಕ್ಯಾಲಿಫೋರ್ನಿಯಾ. 60 ಲಕ್ಷ ಮತ. ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿಟ್ಟ ಎಲೆಕ್ಟೋರಲ್ ಮತಗಳು; ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಗೆದ್ದವರಿಗೇ ಅಷ್ಟೂ ಹೋಗುತ್ತವೆ. ಆ 60 ಲಕ್ಷಕ್ಕೆ ಅಂಥ ಒಂದೇ ಒಂದು ಮತವೂ ಹುಟ್ಟಲಿಲ್ಲ. ಅಲ್ಲಿನ 55ಕ್ಕೆ 55ನ್ನೂ ಜೋ ಬೈಡನ್ ತೆಗೆದುಕೊಂಡರು. ಟೆಕ್ಸಾಸ್‌ನಲ್ಲಿ ಬೈಡನ್‌ಗೆ ಬಿದ್ದ 52 ಲಕ್ಷ ಮತಕ್ಕೂ ಅದೇ ಗತಿ. ಹಾಗಾಗಿ ಪ್ರಚಾರಕ್ಕೆ ಅಭ್ಯರ್ಥಿಗಳು ಹೋಗುವುದು ಬೆರಳೆಣಿಕೆಯ ರಾಜ್ಯಗಳಿಗೆ. 2024ರಲ್ಲಿ ಅವು ಏಳು: ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ಅರಿಜೋನಾ, ನೆವಾಡಾ, ನಾರ್ತ್ ಕ್ಯಾರೊಲಿನಾ. ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇದ್ದಾರೆ. ಪೌರತ್ವ ಸಿಕ್ಕಿದವರು ಮತವನ್ನೂ ಹಾಕುತ್ತಾರೆ. ಅಧ್ಯಕ್ಷರ ಚುನಾವಣೆಯಲ್ಲಿ ಅವರ ಮತ ಕೇಳಲು ಯಾರಾದರೂ ಬಂದಿದ್ದರಾ ಅಂತ ಒಮ್ಮೆ ವಿಚಾರಿಸಿ ನೋಡಿ. ಚಂದಾ ಎತ್ತಲು ಕ್ಯಾಲಿಫೋರ್ನಿಯಾಗೆ ಬರುತ್ತಾರೆ, ಮತ ಕೇಳಲು ಪೆನ್ಸಿಲ್ವೇನಿಯಾಗೆ ಹೋಗುತ್ತಾರೆ.

ಫಲಿತಾಂಶ ಮೊದಲೇ ಗೊತ್ತಿರುವ ಕ್ಷೇತ್ರದಲ್ಲಿ ನಿಜವಾದ ಚುನಾವಣೆ ಯಾವುದು? ಪಕ್ಷದ ಒಳಗಿನ ಚುನಾವಣೆ. ಅವರು ಅದನ್ನು ಪ್ರೈಮರಿ ಅನ್ನುತ್ತಾರೆ. ಇದಕ್ಕೆ ಒಂದು ಉದಾಹರಣೆ ನಮ್ಮ ಬೆಳಗಾವಿ ಜಿಲ್ಲೆಯ ನಂಟಿರುವವರದ್ದೇ ಇದೆ. ಶ್ರೀ ಥಾನೇದಾರ್ ಅವರ ಹೆಸರು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದವರು. ಈಗ ಮಿಷಿಗನ್ ರಾಜ್ಯದ 13ನೇ ಕ್ಷೇತ್ರದಿಂದ ಅಮೆರಿಕದ ಸಂಸತ್ತಿನಲ್ಲಿ ಇದ್ದಾರೆ. ಡೆಟ್ರಾಯಿಟ್ ನಗರದ ದೊಡ್ಡ ಭಾಗ ಆ ಕ್ಷೇತ್ರದಲ್ಲಿದೆ. ಅದು ಡೆಮಾಕ್ರಟಿಕ್ ಪಕ್ಷದ ಭದ್ರ ಕೋಟೆ.

2022ರ ಆಗಸ್ಟ್‌ನಲ್ಲಿ ಆ ಪಕ್ಷದ ಪ್ರೈಮರಿ ನಡೆಯಿತು. 9 ಜನ ಕಣದಲ್ಲಿದ್ದರು. ಥಾನೇದಾರ್ ಅವರಿಗೆ ಬಂದದ್ದು ಶೇ. 28 ಮತ. ಉಳಿದ 72 ಪಾಲು ಬೇರೆಯವರಲ್ಲಿ ಹಂಚಿಹೋಯಿತು. ನವೆಂಬರ್‌ನ ಸಾರ್ವತ್ರಿಕ ಚುನಾವಣೆಯಲ್ಲಿ ಅದೇ ಅಭ್ಯರ್ಥಿ ಶೇ. 71 ಮತ ಪಡೆದು ಗೆದ್ದರು. ಉಳಿದ ಸ್ಪರ್ಧಿಗಳಲ್ಲಿ ಹೆಚ್ಚಿನವರು ಕಪ್ಪು ಸಮುದಾಯದವರಾಗಿದ್ದರು. ಅವರ ಮತ ಒಡೆದ ಕಾರಣ, ಕಪ್ಪು ಜನ ಬಹುಸಂಖ್ಯೆಯಲ್ಲಿರುವ ಡೆಟ್ರಾಯಿಟ್‌ನಿಂದ ಸುಮಾರು 70 ವರ್ಷಗಳಲ್ಲಿ ಮೊದಲ ಸಲ ಸಂಸತ್ತಿಗೆ ಕಪ್ಪು ಪ್ರತಿನಿಧಿ ಹೋಗಲಿಲ್ಲ. ಥಾನೇದಾರ್ ಅವರದ್ದು ಏನೂ ತಪ್ಪಿಲ್ಲ. ನಿಯಮದ ಪ್ರಕಾರ ನಿಂತರು, ನಿಯಮದ ಪ್ರಕಾರ ಗೆದ್ದರು. ನಮ್ಮ ಕಡೆಯಿಂದ ಹೋದ ಹುಡುಗ ಅಲ್ಲಿ ಸಂಸದನಾದ ಅಂತ ಹೆಮ್ಮೆ ಪಡುವುದೂ ಸರಿಯೇ. ಆದರೆ ಆ ಕ್ಷೇತ್ರದ ಮತದಾರ ಎದುರಿಸಿದ ಸ್ಥಿತಿ ನೋಡಿ. ಆಗಸ್ಟ್‌ನಲ್ಲಿ 9 ಹೆಸರು, ಒಂದೇ ಗುರುತು ಹಾಕಬೇಕು. ನವೆಂಬರ್‌ನಲ್ಲಿ ಹೆಚ್ಚು ಜನ ಮತ ಹಾಕಲು ಬರುವ ಹೊತ್ತಿಗೆ ತೀರ್ಮಾನ ಆಗಿಹೋಗಿದೆ. ಅಮೆರಿಕದ 435 ಕ್ಷೇತ್ರಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚಿನವು ಇಂಥವೇ.

ಯಾಕೆ ಹೀಗಾಗುತ್ತದೆ? ಎರಡೇ ಪಕ್ಷ ಇರಬೇಕು ಅಂತ ಅಲ್ಲಿ ಯಾರಾದರೂ ಬರೆದಿಟ್ಟಿದ್ದಾರಾ? ಇಲ್ಲ. 1787ರಲ್ಲಿ ಬರೆದ ಅಮೆರಿಕದ ಸಂವಿಧಾನದಲ್ಲಿ ಪಕ್ಷದ ಪ್ರಸ್ತಾಪವೇ ಇಲ್ಲ. ಅದನ್ನು ಕಟ್ಟಿದವರಿಗೆ ಪಕ್ಷ ಅಂದರೆ ಭಯ ಇತ್ತು. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1796ರ ವಿದಾಯ ಸಂದೇಶದಲ್ಲಿ ಪಕ್ಷದ ಗುಂಪುಗಾರಿಕೆ ಬಗ್ಗೆ ಉದ್ದಕ್ಕೂ ಎಚ್ಚರಿಸಿದರು. ಗುಂಪುಗಳ ಹಾವಳಿ ಬಗ್ಗೆ 1787ರಲ್ಲಿ ಬರೆದ ಜೇಮ್ಸ್ ಮ್ಯಾಡಿಸನ್, ಐದಾರು ವರ್ಷ ಕಳೆಯುವಷ್ಟರಲ್ಲಿ ಜೆಫರ್ಸನ್ ಜೊತೆ ಸೇರಿ ತಾವೇ ಒಂದು ಪಕ್ಷ ಕಟ್ಟುತ್ತಿದ್ದರು. ಪಕ್ಷ ಬೇಡ ಅಂದುಕೊಂಡವರೇ ಎರಡು ಪಕ್ಷವಾಗಿ ನಿಂತರು.

ಇದಕ್ಕೆ ಕಾರಣ ಮತ ಎಣಿಸುವ ರೀತಿ. ಒಂದು ಕ್ಷೇತ್ರ, ಒಂದೇ ಸೀಟು, ಯಾರಿಗೆ ಒಂದು ಮತ ಜಾಸ್ತಿಯೋ ಅವರು ಗೆದ್ದರು. ಎರಡನೇ ಸ್ಥಾನಕ್ಕೆ ಏನೂ ಇಲ್ಲ, ಮೂರನೇ ಸ್ಥಾನಕ್ಕಂತೂ ಇಲ್ಲವೇ ಇಲ್ಲ. ಇಂಥ ಕಡೆ ಮತದಾರ ತನಗೆ ಇಷ್ಟವಾದವರನ್ನು ಬಿಟ್ಟು ಗೆಲ್ಲಬಹುದಾದವರ ಕಡೆ ವಾಲುತ್ತಾನೆ. "ವೋಟು ವೇಸ್ಟ್ ಆಗುತ್ತೆ" ಅನ್ನುವ ಮಾತು ನಿಮಗೆ ಹೊಸದಲ್ಲ. ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಮೊರಿಸ್ ದುವರ್ಜೆ 1950ರ ದಶಕದ ಮೊದಲಲ್ಲೇ ಇದನ್ನು ಒಂದು ನಿಯಮದಂತೆ ಹೇಳಿದರು: ಹೀಗೆ ಎಣಿಸುವ ಕಡೆ ಕಣದಲ್ಲಿ ಕೊನೆಗೆ ಇಬ್ಬರೇ ಉಳಿಯುತ್ತಾರೆ.

ಹಾಗಾದರೆ ನಮ್ಮಲ್ಲೂ ಅದೇ ಎಣಿಕೆ ಇದೆ, ನಮ್ಮಲ್ಲಿ ಯಾಕೆ ಇಷ್ಟು ಪಕ್ಷ ಅಂತ ಕೇಳಬಹುದು. ಒಂದು ಮುಖ್ಯ ಕಾರಣ, ನಮ್ಮಲ್ಲಿ ಕಣದಲ್ಲಿ ಉಳಿಯುವ ಆ ಇಬ್ಬರು ಎಲ್ಲ ಕಡೆ ಒಬ್ಬರೇ ಅಲ್ಲ. ಹಳೇ ಮೈಸೂರಿನ ಎಷ್ಟೋ ಕ್ಷೇತ್ರಗಳಲ್ಲಿ ಬಹಳ ಕಾಲ ಪೈಪೋಟಿ ಇದ್ದದ್ದು ಕಾಂಗ್ರೆಸ್ ಮತ್ತು ಜೆಡಿಎಸ್ ನಡುವೆ. ಕರಾವಳಿಯಲ್ಲಿ ಕಾಂಗ್ರೆಸ್ ಮತ್ತು ಬಿಜೆಪಿ ನಡುವೆ. ಕ್ಷೇತ್ರದಲ್ಲಿ ಇಬ್ಬರೇ ಆದರೂ ರಾಜ್ಯದಲ್ಲಿ ಮೂವರು. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಇಡೀ ದೇಶವನ್ನು ಒಂದೇ ಜೋಡಿಗೆ ಎಳೆದು ಕಟ್ಟುತ್ತದೆ.

ಎಣಿಕೆಯ ಆಟ ಎಂಥದ್ದು ಅಂತ ನೋಡಲು ನಮ್ಮ ಲೆಕ್ಕವೇ ಸಾಕು. 2008ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ. 35 ಮತ, 80 ಸೀಟು. 2013ರಲ್ಲಿ ಸುಮಾರು ಶೇ. 37 ಮತ, 122 ಸೀಟು. ಎರಡು ಪಾಲು ಮತ ಹೆಚ್ಚಾಗಿದ್ದಕ್ಕೆ 42 ಸೀಟು ಬಂತಾ? ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ್ದರು. ಅದು ಹತ್ತಿರ ಹತ್ತಿರ ಶೇ. 10 ಮತ ತೆಗೆದುಕೊಂಡಿತು. ಅದಕ್ಕೆ ಸಿಕ್ಕಿದ್ದು 6 ಸೀಟು, ಬಿಜೆಪಿ 40ಕ್ಕೆ ಇಳಿಯಿತು. 2018ಕ್ಕೆ ಅವರು ಮತ್ತೆ ಒಂದಾಗಿದ್ದರು. ಆಗ ಕಾಂಗ್ರೆಸ್ಸಿಗೆ ಮತ ಶೇ. 38ಕ್ಕೆ ಏರಿತು, ಸೀಟು ಮತ್ತೆ 80ಕ್ಕೆ ಇಳಿಯಿತು. ಮತ ಏರಿದರೂ ಸೀಟು ಬೀಳಬಹುದು. ಜನ ಏನು ಹೇಳಿದರು ಅನ್ನುವುದಕ್ಕಿಂತ ಎದುರಾಳಿ ಒಡೆದಿದ್ದಾನಾ ಇಲ್ವಾ ಅನ್ನುವುದು ಇಲ್ಲಿ ದೊಡ್ಡದಾಗುತ್ತದೆ.

ಸರಿ, ಅಮೆರಿಕಕ್ಕೆ ವಾಪಸ್ ಬರೋಣ. ಮೂರನೆಯವರು ಬಂದರೆ ಏನಾಗುತ್ತದೆ? ಎಲ್ಲರಿಗೂ ಗೊತ್ತಿರುವ ಉದಾಹರಣೆ 2000ದ ಚುನಾವಣೆ. ಫ್ಲಾರಿಡಾದಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ 537 ಮತದಿಂದ ಗೆದ್ದು ಅಧ್ಯಕ್ಷರಾದರು. ದೇಶದಲ್ಲಿ ಒಟ್ಟು ಲೆಕ್ಕದಲ್ಲಿ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ 5 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದರು. ಅದೇ ಫ್ಲಾರಿಡಾದಲ್ಲಿ ಗ್ರೀನ್ ಪಾರ್ಟಿಯ ರಾಲ್ಫ್ ನೇಡರ್ ಪಡೆದದ್ದು 97 ಸಾವಿರಕ್ಕೂ ಹೆಚ್ಚು ಮತ. ಪರಿಸರದ ಕಾಳಜಿಯಿಂದ ನೇಡರ್‌ಗೆ ಮತ ಹಾಕಿದವರಲ್ಲಿ ಬುಷ್ ಬರಲಿ ಅಂತ ಬಯಸಿದವರು ಕಡಿಮೆ. ಆದರೆ ಅವರ ಮತದ ಪರಿಣಾಮ ಅದೇ ಆಯಿತು ಅಂತ ಇವತ್ತಿಗೂ ಅವರನ್ನು ಬೈಯುತ್ತಾರೆ. ನನ್ನ ಮಟ್ಟಿಗೆ ಬೈಯಬೇಕಾದ್ದು ಆ ನಿಯಮವನ್ನು. ಮನಸ್ಸಿಗೆ ಒಪ್ಪಿದವರಿಗೆ ಮತ ಹಾಕಿದ ಮನುಷ್ಯನನ್ನು ಅಪರಾಧಿ ಮಾಡುವ ವ್ಯವಸ್ಥೆಗೆ ಪ್ರಜಾಪ್ರಭುತ್ವದಲ್ಲಿ ಗೌರವ ಕೊಡಲು ನನಗೆ ಆಗುವುದಿಲ್ಲ.

ಇದಕ್ಕಿಂತ 156 ವರ್ಷ ಹಿಂದಿನ ಇನ್ನೊಂದು ಘಟನೆ ಇದೆ. ನನಗೆ ಅದೇ ಹೆಚ್ಚು ಕಾಡುತ್ತದೆ. 1840ರ ದಶಕ. ಆಗಿನ ಎರಡು ಪಕ್ಷ ವಿಗ್ ಮತ್ತು ಡೆಮಾಕ್ರಟಿಕ್. ದೇಶದ ಎದುರು ಇದ್ದ ಅತಿ ದೊಡ್ಡ ಪ್ರಶ್ನೆ ಗುಲಾಮಗಿರಿ. ಎರಡೂ ಪಕ್ಷಗಳಿಗೆ ಉತ್ತರದಲ್ಲೂ ಮತ ಬೇಕು, ದಕ್ಷಿಣದಲ್ಲೂ ಮತ ಬೇಕು. ಆ ಪ್ರಶ್ನೆ ಎತ್ತಿದರೆ ಪಕ್ಷ ಒಡೆಯುತ್ತದೆ. ಆದ್ದರಿಂದ ಇಬ್ಬರೂ ಅದನ್ನು ಮುಚ್ಚಿಟ್ಟರು. ಎಷ್ಟರ ಮಟ್ಟಿಗೆ ಅಂದರೆ, 1836ರಲ್ಲಿ ಪ್ರತಿನಿಧಿ ಸಭೆ ಒಂದು ನಿರ್ಣಯ ಮಾಡಿತು. ಗುಲಾಮಗಿರಿ ಬಗ್ಗೆ ಜನರಿಂದ ಬರುವ ಯಾವ ಮನವಿಯನ್ನೂ ಓದುವ ಹಾಗಿಲ್ಲ, ಚರ್ಚಿಸುವ ಹಾಗಿಲ್ಲ, ಪಕ್ಕಕ್ಕೆ ಇಟ್ಟುಬಿಡಬೇಕು. ಹಿಂದೆ ಅಧ್ಯಕ್ಷರಾಗಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಆಗ ಅದೇ ಸಭೆಯ ಸಾಮಾನ್ಯ ಸದಸ್ಯರಾಗಿದ್ದರು. ವಯಸ್ಸಾಗಿತ್ತು. ವರ್ಷಗಟ್ಟಲೆ ಹೋರಾಡಿ 1844ರ ಡಿಸೆಂಬರ್‌ನಲ್ಲಿ ಅದನ್ನು ತೆಗೆಸಿದರು. ಎಂಟು ವರ್ಷ ಒಂದು ದೇಶದ ಸಂಸತ್ತು ತನ್ನ ಅತಿ ದೊಡ್ಡ ಅನ್ಯಾಯದ ಬಗ್ಗೆ ಬಂದ ಅರ್ಜಿಗಳನ್ನು ಕೈಯಲ್ಲಿ ಹಿಡಿಯಲು ನಿರಾಕರಿಸಿತ್ತು.

ಎರಡೂ ಪಕ್ಷ ಬಾಗಿಲು ಮುಚ್ಚಿದ್ದರಿಂದ ಗುಲಾಮಗಿರಿ ವಿರೋಧಿಗಳು ಲಿಬರ್ಟಿ ಪಾರ್ಟಿ ಅಂತ ಮೂರನೆಯದನ್ನು ಕಟ್ಟಿದರು. 1844ರಲ್ಲಿ ಜೇಮ್ಸ್ ಬರ್ನಿ ಅದರ ಅಭ್ಯರ್ಥಿ. ನ್ಯೂಯಾರ್ಕ್ ರಾಜ್ಯದಲ್ಲಿ ಅವರಿಗೆ 15 ಸಾವಿರಕ್ಕೂ ಹೆಚ್ಚು ಮತ ಬಂತು. ಅಲ್ಲಿ ಡೆಮಾಕ್ರಟಿಕ್ ಪಕ್ಷದ ಪೋಕ್, ವಿಗ್ ಪಕ್ಷದ ಹೆನ್ರಿ ಕ್ಲೇ ಅವರನ್ನು ಸೋಲಿಸಿದ್ದು ಸುಮಾರು 5 ಸಾವಿರ ಮತದಿಂದ. ನ್ಯೂಯಾರ್ಕ್ ಗೆದ್ದದ್ದರಿಂದ ಪೋಕ್ ಅಧ್ಯಕ್ಷರಾದರು. ಟೆಕ್ಸಾಸನ್ನು ದೇಶಕ್ಕೆ ಸೇರಿಸುತ್ತೇನೆ ಅಂತ ನಿಂತವರು ಪೋಕ್. 1845ರಲ್ಲಿ ಟೆಕ್ಸಾಸ್ ಗುಲಾಮಗಿರಿಯ ರಾಜ್ಯವಾಗಿಯೇ ಸೇರಿತು. ಗುಲಾಮಗಿರಿ ತೊಲಗಲಿ ಅಂತ ಹಾಕಿದ ಮತ ಅದನ್ನು ಹಿಗ್ಗಿಸುವವರಿಗೆ ನೆರವಾಯಿತು.

"ಆದರೂ ಕೊನೆಗೆ ಹೊಸ ಪಕ್ಷ ಗೆದ್ದಿತಲ್ಲ, ರಿಪಬ್ಲಿಕನ್ ಪಕ್ಷ ಬಂತಲ್ಲ" ಅಂತ ನೀವು ಕೇಳಬಹುದು. ನಿಜ. 1854ರಲ್ಲಿ ಅದು ಹುಟ್ಟಿತು. 1860ರಲ್ಲಿ ಅಬ್ರಹಾಂ ಲಿಂಕನ್ ಗೆದ್ದರು. ಆದರೆ ಅದಕ್ಕೆ ಮೊದಲು ವಿಗ್ ಪಕ್ಷ ಪೂರ್ತಿ ಒಡೆದು ಸಾಯಬೇಕಾಯಿತು. ನಾಲ್ಕು ಜನ ಸ್ಪರ್ಧಿಸಿದ್ದ ಕಣದಲ್ಲಿ ಲಿಂಕನ್‌ಗೆ ಬಂದದ್ದು ಶೇ. 40ಕ್ಕಿಂತ ಸ್ವಲ್ಪ ಕಡಿಮೆ. ದಕ್ಷಿಣದ ಹೆಚ್ಚಿನ ರಾಜ್ಯಗಳಲ್ಲಿ ಅವರ ಹೆಸರಿನ ಮತಪತ್ರವೇ ಇರಲಿಲ್ಲ. ಮುಂದೆ ನಡೆದ ಅಂತರ್ಯುದ್ಧದಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಯುದ್ಧಕ್ಕೆ ಕಾರಣ ಗುಲಾಮಗಿರಿ, ಅದರಲ್ಲಿ ಅನುಮಾನ ಬೇಡ. ಚುನಾವಣಾ ನಿಯಮ ಬೇರೆ ಇದ್ದಿದ್ದರೆ ಯುದ್ಧ ತಪ್ಪುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಆ ಪ್ರಶ್ನೆ ಸಂಸತ್ತಿನಲ್ಲಿ ಮಾತಾಗಿ ಬರಬೇಕಾದ ಹೊತ್ತಿನಲ್ಲಿ ಎರಡು ಪಕ್ಷಗಳ ಲೆಕ್ಕಾಚಾರ ಅದನ್ನು ಹೊರಗೆ ನಿಲ್ಲಿಸಿತ್ತು. 1850ರ ದಶಕದ ನಂತರ ಇನ್ನೊಂದು ಪಕ್ಷಕ್ಕೆ ಆ ಮಟ್ಟದ ಜಾಗ ಸಿಕ್ಕಿಲ್ಲ. 1853ರಿಂದ ಈಚೆಗೆ ಬಂದ ಎಲ್ಲ ಅಧ್ಯಕ್ಷರೂ ಇವತ್ತಿನ ಎರಡು ಪಕ್ಷಗಳವರೇ.

ಹತ್ತಿರದ ಕಾಲದಲ್ಲೂ ಇಂಥ ಪ್ರಶ್ನೆ ಇತ್ತು. 1992ರಲ್ಲಿ ರಾಸ್ ಪೆರೊ ಅನ್ನುವ ಉದ್ಯಮಿ ಪಕ್ಷವಿಲ್ಲದೆ ಅಧ್ಯಕ್ಷ ಚುನಾವಣೆಗೆ ನಿಂತರು. ಮೆಕ್ಸಿಕೊ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದದಿಂದ ಕಾರ್ಖಾನೆ ಕೆಲಸಗಳು ಹೋಗುತ್ತವೆ ಅನ್ನುವುದು ಅವರ ದೊಡ್ಡ ಮಾತು. ಆಗಿನ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ಹಿರಿಯ ಬುಷ್ (2000ದಲ್ಲಿ ಗೆದ್ದವರ ತಂದೆ) ಆ ಒಪ್ಪಂದಕ್ಕೆ ಸಹಿ ಹಾಕಿದರು, ಡೆಮಾಕ್ರಟಿಕ್ ಕ್ಲಿಂಟನ್ ಅದನ್ನು ಸಂಸತ್ತಿನಲ್ಲಿ ಪಾಸು ಮಾಡಿಸಿದರು. ಪೆರೊಗೆ ಸುಮಾರು ಶೇ. 19 ಮತ ಬಂತು, ಐದರಲ್ಲಿ ಒಬ್ಬರ ಹತ್ತಿರ ಹತ್ತಿರ. ಎಲೆಕ್ಟೋರಲ್ ಮತ ಸೊನ್ನೆ. ಅವರ ವಾದ ಸರಿಯೋ ತಪ್ಪೋ ಬೇರೆ ಮಾತು. ಸುಮಾರು ಎರಡು ಕೋಟಿ ಜನರ ಆತಂಕಕ್ಕೆ ಸಂಸತ್ತಿನಲ್ಲಿ ಒಂದು ಬೆಂಚೂ ಸಿಗಲಿಲ್ಲ. ಅದೇ ವ್ಯಾಪಾರದ ಸಿಟ್ಟು 2016ರಲ್ಲಿ ಟ್ರಂಪ್ ಜೊತೆ ರಿಪಬ್ಲಿಕನ್ ಪ್ರೈಮರಿಯ ಮೂಲಕ ಒಳಗೆ ಬಂತು. ಎರಡೇ ಪಕ್ಷ ಇರುವ ಕಡೆ ಹೊಸ ಪ್ರಶ್ನೆಗೆ ಒಂದೇ ದಾರಿ, ಇರುವ ಎರಡರಲ್ಲಿ ಒಂದನ್ನು ಪೂರ್ತಿ ವಶ ಮಾಡಿಕೊಳ್ಳುವುದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಈ ಎಣಿಕೆ ಇನ್ನೂರು ವರ್ಷದಿಂದ ಇದೆ. ಮಧ್ಯದಲ್ಲಿ ಎಷ್ಟೋ ಕಾಲ ಚೆನ್ನಾಗಿಯೇ ನಡೆಯಿತಲ್ಲ? ನಡೆಯಿತು. ಯಾಕೆ ನಡೆಯಿತು ಅನ್ನುವುದು ಮುಖ್ಯ. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಸಮಿತಿಯೊಂದು ವರದಿ ಕೊಟ್ಟಿತು. ಅದರ ದೂರು ಇವತ್ತು ಕೇಳಿದರೆ ಆಶ್ಚರ್ಯವಾಗುತ್ತದೆ. ಪಕ್ಷಗಳ ನಡುವೆ ಸ್ಪಷ್ಟ ವ್ಯತ್ಯಾಸ ಸಾಲದು, ಶಿಸ್ತು ಸಾಲದು, ಜನರಿಗೆ ನಿಜವಾದ ಆಯ್ಕೆ ಸಿಗುತ್ತಿಲ್ಲ ಅಂತ. ಆಗ ಹೆಸರಿಗೆ ಎರಡು ಪಕ್ಷ, ಒಳಗೆ ನಾಲ್ಕು. ದಕ್ಷಿಣದ ಡೆಮಾಕ್ರಟರು ಬೇರೆ, ಉತ್ತರದವರು ಬೇರೆ. ರಿಪಬ್ಲಿಕನ್ನರಲ್ಲೂ ಉದಾರವಾದಿಗಳು ಬೇರೆ, ಸಂಪ್ರದಾಯವಾದಿಗಳು ಬೇರೆ. ಕಪ್ಪು ಜನರ ವಿರುದ್ಧದ ತಾರತಮ್ಯ ತಡೆಯುವ 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 73 ಜನ ಪರ, 27 ಜನ ವಿರುದ್ಧ ಮತ ಹಾಕಿದರು. ಆ 73ರಲ್ಲಿ 46 ಡೆಮಾಕ್ರಟರು, 27 ರಿಪಬ್ಲಿಕನ್ನರು. ವಿರೋಧಿಸಿದವರಲ್ಲಿ 21 ಜನ ಆಳುವ ಡೆಮಾಕ್ರಟಿಕ್ ಪಕ್ಷದವರೇ. ಮರುವರ್ಷ ವೃದ್ಧರಿಗೆ ಆರೋಗ್ಯ ವಿಮೆ ಕೊಡುವ ಮೆಡಿಕೇರ್ ಬಂತು. ಪ್ರತಿನಿಧಿ ಸಭೆಯ 70 ರಿಪಬ್ಲಿಕನ್ನರು ಅದನ್ನು ಬೆಂಬಲಿಸಿದರು. ಅಂದರೆ ಅವರಲ್ಲಿ ಅರ್ಧದಷ್ಟು ಜನ.

ಆಮೇಲೆ ಈ ನಾಲ್ಕು ನಿಧಾನವಾಗಿ ಎರಡಾದವು. ದಕ್ಷಿಣದ ಬಿಳಿಯರು ರಿಪಬ್ಲಿಕನ್ ಕಡೆ ಹೋದರು. ಉತ್ತರದ ಉದಾರವಾದಿಗಳು ಡೆಮಾಕ್ರಟಿಕ್ ಕಡೆ ಬಂದರು. ಊರು, ಚರ್ಚು, ಬಣ್ಣ, ಓದು, ಎಲ್ಲವೂ ಪಕ್ಷದ ಜೊತೆ ಸೇರಿಕೊಂಡವು. 2010ರಲ್ಲಿ ಒಬಾಮಾ ಅವರ ಆರೋಗ್ಯ ಕಾಯ್ದೆ ಪಾಸಾದಾಗ ಒಬ್ಬ ರಿಪಬ್ಲಿಕನ್ನರೂ ಅದಕ್ಕೆ ಮತ ಹಾಕಲಿಲ್ಲ. ಅಧ್ಯಕ್ಷರನ್ನು ವಿಚಾರಣೆಗೆ ಒಳಪಡಿಸಿ ಹುದ್ದೆಯಿಂದ ಇಳಿಸಲು ಸಂಸತ್ತಿಗೆ ಇರುವ ಅಧಿಕಾರವನ್ನೂ ನೋಡಿ. 1974ರಲ್ಲಿ ನಿಕ್ಸನ್ ವಿರುದ್ಧ ಸಮಿತಿಯಲ್ಲಿ ಮೊದಲ ಆರೋಪ ಮತಕ್ಕೆ ಬಂದಾಗ ಅವರದ್ದೇ ಪಕ್ಷದ 17 ಜನರಲ್ಲಿ 6 ಜನ ಅದಕ್ಕೆ ಒಪ್ಪಿಗೆ ಕೊಟ್ಟರು. 1999ರಲ್ಲಿ ಕ್ಲಿಂಟನ್ ಪ್ರಕರಣ ಸೆನೆಟ್‌ಗೆ ಬಂದಾಗ ಒಬ್ಬ ಡೆಮಾಕ್ರಟರೂ ಅವರ ವಿರುದ್ಧ ಹೋಗಲಿಲ್ಲ. 2020ರಲ್ಲಿ ಟ್ರಂಪ್ ಪ್ರಕರಣದಲ್ಲಿ ರಿಪಬ್ಲಿಕನ್ನರ ಪೈಕಿ ಮಿಟ್ ರಾಮ್ನಿ ಒಬ್ಬರೇ. ಸಂಸತ್ತು ಅಧ್ಯಕ್ಷರಿಗೆ ಕಡಿವಾಣ ಹಾಕುತ್ತದೆ ಅಂತ ಸಂವಿಧಾನ ಬರೆದವರು ನಂಬಿದ್ದರು. ಈಗ ಅರ್ಧ ಸಂಸತ್ತು ಅಧ್ಯಕ್ಷರ ವಕೀಲ, ಇನ್ನರ್ಧ ಅವರ ಎದುರಾಳಿ. ಬಜೆಟ್ಟಿಗೆ ಒಪ್ಪಿಗೆ ಸಿಗದೆ 2018–19ರಲ್ಲಿ 35 ದಿನ, 2025ರಲ್ಲಿ 43 ದಿನ ಸರ್ಕಾರಿ ಕಚೇರಿಗಳು ಮುಚ್ಚಿದ್ದವು. ಎರಡು ಪಕ್ಷ ಇದ್ದರೆ ಸ್ಥಿರತೆ ಇರುತ್ತದೆ ಅನ್ನುವವರಿಗೆ ನಾನು ತೋರಿಸುವುದು ಇದನ್ನೇ. ಸಂಬಳವಿಲ್ಲದೆ ಡ್ಯೂಟಿ ಮಾಡಿದ ವಿಮಾನ ನಿಲ್ದಾಣದ ಸಿಬ್ಬಂದಿಗೆ ಅದು ಯಾವ ಸ್ಥಿರತೆ?

ಜನರಿಗೆ ಇದು ಗೊತ್ತಿಲ್ಲ ಅಂತಲ್ಲ. ಗ್ಯಾಲಪ್ ಸಮೀಕ್ಷೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಜನ "ನಾವು ಯಾವ ಪಕ್ಷದವರೂ ಅಲ್ಲ" ಅನ್ನುತ್ತಿದ್ದಾರೆ. ಎರಡರಲ್ಲಿ ಯಾವ ಪಕ್ಷದ ಗುಂಪೂ ಅಷ್ಟು ದೊಡ್ಡದಿಲ್ಲ. ಆದರೆ ಸೆನೆಟ್‌ನಲ್ಲಿ ಪಕ್ಷೇತರರಾಗಿ ಗೆದ್ದು ಬಂದವರು ಬರ್ನಿ ಸ್ಯಾಂಡರ್ಸ್, ಆಂಗಸ್ ಕಿಂಗ್, ಇಬ್ಬರೇ. ಅವರೂ ಡೆಮಾಕ್ರಟರ ಜೊತೆಗೇ ಕೂರುತ್ತಾರೆ.

ಇದರಿಂದ ಹೊರಗೆ ಬಂದ ದೇಶ ಇದೆಯಾ? ಇದೆ. ನ್ಯೂಜಿಲೆಂಡ್. ಅಲ್ಲೂ ನಮ್ಮ ಹಾಗೆ ಬ್ರಿಟನ್ನಿನಿಂದ ಬಂದ ಎಣಿಕೆ. ನ್ಯಾಷನಲ್ ಮತ್ತು ಲೇಬರ್, ಎರಡೇ ಪಕ್ಷಗಳ ಆಳ್ವಿಕೆ. 1978ರಲ್ಲಿ ಲೇಬರ್‌ಗೆ ಮತ ಜಾಸ್ತಿ, ಸರ್ಕಾರ ನ್ಯಾಷನಲ್‌ದು. 1981ರಲ್ಲಿ ಮತ್ತೆ ಅದೇ. ಆ ಚುನಾವಣೆಯಲ್ಲಿ ಸೋಷಿಯಲ್ ಕ್ರೆಡಿಟ್ ಅನ್ನುವ ಮೂರನೇ ಪಕ್ಷ ಶೇ. 20ಕ್ಕಿಂತ ಹೆಚ್ಚು ಮತ ಪಡೆಯಿತು. 92 ಸೀಟಿನಲ್ಲಿ ಅದಕ್ಕೆ ಸಿಕ್ಕಿದ್ದು 2.

ಇಷ್ಟಕ್ಕೇ ನಿಯಮ ಬದಲಾಗಲಿಲ್ಲ. 1984ರಲ್ಲಿ ಲೇಬರ್ ಅಧಿಕಾರಕ್ಕೆ ಬಂತು. ಕಾರ್ಮಿಕರ ಪಕ್ಷ ಅಂತ ಜನ ಮತ ಹಾಕಿದ್ದರು. ಅದು ಸಬ್ಸಿಡಿ ಕಿತ್ತಿತು, ಸರ್ಕಾರಿ ಸಂಸ್ಥೆಗಳನ್ನು ಮಾರಿತು. ಸಿಟ್ಟಾದ ಜನ 1990ರಲ್ಲಿ ನ್ಯಾಷನಲ್ ಪಕ್ಷವನ್ನು ತಂದರು. ಅದು ಇನ್ನೂ ಮುಂದೆ ಹೋಗಿ ಬಡವರ ಭತ್ಯೆಗಳನ್ನೇ ಕಡಿತ ಮಾಡಿತು. ಎಡಕ್ಕೆ ಹಾಕಿದರೂ ಅದೇ, ಬಲಕ್ಕೆ ಹಾಕಿದರೂ ಅದೇ. ಆಗ ಜನರ ಸಿಟ್ಟು ಪಕ್ಷಗಳಿಂದ ನಿಯಮದ ಕಡೆ ತಿರುಗಿತು. ಅಷ್ಟರಲ್ಲಿ ಸರ್ಕಾರವೇ ನೇಮಿಸಿದ್ದ ಒಂದು ಆಯೋಗ, ಅಂದರೆ ರಾಯಲ್ ಕಮಿಷನ್, 1986ರಲ್ಲೇ ಹೊಸ ಪದ್ಧತಿಯನ್ನು ಶಿಫಾರಸು ಮಾಡಿತ್ತು. ಎರಡೂ ಪಕ್ಷದ ನಾಯಕರಿಗೆ ಅದು ಬೇಡವಾಗಿತ್ತು. ಪ್ರಧಾನಿ ಡೇವಿಡ್ ಲಾಂಗಿ 1987ರ ಟಿ.ವಿ. ಚರ್ಚೆಯಲ್ಲಿ ಜನಮತ ಗಣನೆ ಮಾಡುತ್ತೇವೆ ಅಂದುಬಿಟ್ಟರು. ಬಾಯಿತಪ್ಪಿ ಬಂದ ಮಾತು ಅಂತ ಹೇಳುತ್ತಾರೆ. ಗೆದ್ದ ಮೇಲೆ ಅವರ ಪಕ್ಷ ಅದನ್ನು ನಡೆಸಲಿಲ್ಲ. ಎದುರು ಪಕ್ಷ ಅದನ್ನೇ ಹಿಡಿದುಕೊಂಡು ತಾನು ನಡೆಸುತ್ತೇನೆ ಅಂತ ಮಾತು ಕೊಟ್ಟಿತು. 1992ರಲ್ಲಿ ಜನಮತ ಗಣನೆ ನಡೆದಾಗ ಸುಮಾರು ಶೇ. 85 ಜನ ಬದಲಾವಣೆ ಬೇಕು ಅಂದರು. 1993ರ ಎರಡನೇ ಮತದಾನದಲ್ಲಿ ಹೊಸ ಪದ್ಧತಿ ಸುಮಾರು ಶೇ. 54ರಿಂದ ಗೆದ್ದಿತು.

ಆ ಪದ್ಧತಿ ತುಂಬ ಸರಳ. ಒಂದೇ ಮತಪತ್ರ, ಎರಡು ಗುರುತು. ಒಂದು ನಿಮ್ಮ ಕ್ಷೇತ್ರದ ವ್ಯಕ್ತಿಗೆ, ಇನ್ನೊಂದು ಪಕ್ಷಕ್ಕೆ. ಕ್ಷೇತ್ರದ ಸದಸ್ಯ ಮೊದಲಿನ ಹಾಗೇ ಗೆಲ್ಲುತ್ತಾನೆ. ಸಂಸತ್ತಿನಲ್ಲಿ ಯಾವ ಪಕ್ಷಕ್ಕೆ ಒಟ್ಟು ಎಷ್ಟು ಸೀಟು ಅನ್ನುವುದನ್ನು ಎರಡನೇ ಗುರುತು ನಿರ್ಧರಿಸುತ್ತದೆ. ಶೇ. 5 ಪಕ್ಷದ ಮತ ಬರಬೇಕು, ಇಲ್ಲವೇ ಒಂದು ಕ್ಷೇತ್ರವನ್ನಾದರೂ ಗೆಲ್ಲಬೇಕು. ಇಲ್ಲದಿದ್ದರೆ ಪಾಲು ಇಲ್ಲ. 1996ರಲ್ಲಿ ಮೊದಲ ಚುನಾವಣೆ. ಹೆಣ್ಣುಮಕ್ಕಳ ಸಂಖ್ಯೆ ತಕ್ಷಣ ಏರಿತು, 2022ರಲ್ಲಿ ಸಂಸತ್ತಿನ ಅರ್ಧಕ್ಕೆ ತಲುಪಿತು. ಎಲ್ಲವೂ ಸುಸೂತ್ರ ಅಂತ ನಾನು ಹೇಳುತ್ತಿಲ್ಲ. 1996ರಲ್ಲೇ ವಿನ್‌ಸ್ಟನ್ ಪೀಟರ್ಸ್ ಅವರ ಸಣ್ಣ ಪಕ್ಷ ಯಾರ ಜೊತೆ ಹೋಗಬೇಕು ಅಂತ ತೀರ್ಮಾನಿಸಲು ದೇಶವನ್ನು ಸುಮಾರು ಎರಡು ತಿಂಗಳು ಕಾಯಿಸಿತು. ಜನ ಬೈದುಕೊಂಡರು. ಆದರೆ 2011ರಲ್ಲಿ ಹಳೇ ಪದ್ಧತಿ ಬೇಕಾ ಅಂತ ಮತ್ತೆ ಕೇಳಿದಾಗ ಹೆಚ್ಚಿನವರು ಹೊಸದನ್ನೇ ಉಳಿಸಿಕೊಂಡರು.

ಅಮೆರಿಕದ ಒಳಗೂ ಪ್ರಯತ್ನ ನಡೆದಿದೆ. ಮೇನ್ ರಾಜ್ಯದಲ್ಲಿ 2010ರಲ್ಲಿ ರಾಜ್ಯಪಾಲರ ಚುನಾವಣೆ. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಪಾಲ್ ಲಪೇಜ್ ಸುಮಾರು ಶೇ. 38 ಮತದಿಂದ ಗೆದ್ದರು. ಎದುರಿಗಿದ್ದ ಪಕ್ಷೇತರನಿಗೆ ಶೇ. 36, ಡೆಮಾಕ್ರಟಿಕ್ ಅಭ್ಯರ್ಥಿಗೆ 19. ಈ ಬೇಸರದಿಂದ 2016ರಲ್ಲಿ ಜನ ಹೊಸ ಪದ್ಧತಿಗೆ ಮತ ಹಾಕಿದರು. ಮತಪತ್ರದಲ್ಲಿ ಹೆಸರುಗಳು ಒಂದರ ಕೆಳಗೆ ಒಂದು. ಎದುರಿಗೆ ಸಾಲು ಸಾಲು ಸೊನ್ನೆಗಳು: ಮೊದಲ ಆಯ್ಕೆ, ಎರಡನೇ ಆಯ್ಕೆ, ಮೂರನೇ ಆಯ್ಕೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯಲ್ಲಿರುವವರನ್ನು ತೆಗೆದು ಅವರ ಮತದಾರರ ಮುಂದಿನ ಆಯ್ಕೆಯನ್ನು ಎಣಿಸುತ್ತಾರೆ. ನಮ್ಮಲ್ಲಿ ರಾಷ್ಟ್ರಪತಿ ಚುನಾವಣೆಯಲ್ಲಿ, ಪದವೀಧರ ಕ್ಷೇತ್ರದ ವಿಧಾನ ಪರಿಷತ್ ಚುನಾವಣೆಯಲ್ಲಿ 1, 2, 3 ಅಂತ ಬರೆಯುತ್ತಾರಲ್ಲ, ಅದೇ. ಇಲ್ಲಿ ಕುಳಿತಿರುವ ಪದವೀಧರರಿಗೆ ಇದು ಕಷ್ಟದ ಕೆಲಸ ಅಂತ ಯಾರೂ ಹೇಳಬೇಕಿಲ್ಲ.

2018ರಲ್ಲಿ ಪ್ರತಿನಿಧಿ ಸಭೆಗೆ ಮೇನ್‌ನ ಎರಡನೇ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಜೇರೆಡ್ ಗೋಲ್ಡನ್ ಮೊದಲ ಎಣಿಕೆಯಲ್ಲಿ ಹಿಂದಿದ್ದರು. ಇಬ್ಬರು ಪಕ್ಷೇತರರ ಮತದಾರರ ಮುಂದಿನ ಆಯ್ಕೆ ಎಣಿಸಿದ ಮೇಲೆ ಅರ್ಧ ದಾಟಿ ಗೆದ್ದರು. ಆ ಪಕ್ಷೇತರರನ್ನು "ಮತ ಒಡೆದವರು" ಅನ್ನುವ ಹಾಗಿರಲಿಲ್ಲ. ಆದರೆ ಯಾವ ಹುದ್ದೆಯ ಚುನಾವಣೆಯಿಂದ ಈ ಬೇಡಿಕೆ ಜೋರಾಯಿತೋ ಆ ರಾಜ್ಯಪಾಲರ ಅಂತಿಮ ಚುನಾವಣೆಗೇ ಅದು ಅನ್ವಯಿಸುವುದಿಲ್ಲ. ರಾಜ್ಯದ ಸಂವಿಧಾನದ ಒಂದು ಸಾಲು ಅಡ್ಡ ಇದೆ. ಅಲಾಸ್ಕಾ 2020ರಲ್ಲಿ ಇದೇ ಪದ್ಧತಿ ತಂದಿತು, 2024ರಲ್ಲಿ ಅದನ್ನು ತೆಗೆಯುವ ಪ್ರಸ್ತಾಪ ಕೂದಲೆಳೆಯಲ್ಲಿ ಬಿದ್ದಿತು. ಅದೇ ದಿನ ಕೊಲರಾಡೊ, ನೆವಾಡಾ, ಒರೆಗಾನ್, ಐಡಾಹೊ ರಾಜ್ಯಗಳ ಜನ ಇದನ್ನು ಬೇಡ ಅಂದರು.

ಆದರೂ ಆಯ್ಕೆಯ ಕ್ರಮ ಬರೆಸುವುದು ಅರ್ಧ ದಾರಿ ಮಾತ್ರ. ಸೀಟು ಒಂದೇ ಇರುವ ತನಕ ಮ್ಯಾಸಚೂಸೆಟ್ಸ್‌ನ ರಿಪಬ್ಲಿಕನ್ ಮತದಾರನಿಗೂ ಓಕ್ಲಹೋಮಾದ ಡೆಮಾಕ್ರಟಿಕ್ ಮತದಾರನಿಗೂ ಅದರಿಂದ ಏನೂ ಸಿಗುವುದಿಲ್ಲ. ಒಂದು ಕ್ಷೇತ್ರದಿಂದ ಮೂರು ಅಥವಾ ಐದು ಜನ ಆಯ್ಕೆಯಾಗಬೇಕು. ಒರೆಗಾನ್ ರಾಜ್ಯದ ಪೋರ್ಟ್ಲೆಂಡ್ ನಗರ 2024ರಲ್ಲಿ ಹಾಗೆ ಮಾಡಿತು. ನಾಲ್ಕು ವಾರ್ಡು, ಪ್ರತಿ ವಾರ್ಡಿನಿಂದ ಮೂವರು. ಕಾಲು ಭಾಗಕ್ಕಿಂತ ಹೆಚ್ಚು ಮತ ಬಂದರೆ ಗೆಲುವು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್ ನಗರದಲ್ಲಿ ಇದೇ ಬಗೆಯ ಎಣಿಕೆ 1941ರಿಂದ ನಡೆಯುತ್ತಿದೆ. ಇದನ್ನೇ ರಾಜ್ಯಕ್ಕೆ ಹಾಕಿ ನೋಡಿ. 9 ಸೀಟನ್ನು ಮೂರು ದೊಡ್ಡ ಕ್ಷೇತ್ರ ಮಾಡಿ, ಪ್ರತಿಯೊಂದಕ್ಕೂ ಮೂವರು. ಮೂರನೇ ಒಂದು ಪಾಲು ಇರುವವರಿಗೆ ಪ್ರತಿ ಕ್ಷೇತ್ರದಲ್ಲೂ ಒಂದು ಸೀಟು ಬರುತ್ತದೆ. ಓಕ್ಲಹೋಮಾದ ಐದು ಸೀಟನ್ನು ಒಂದೇ ಕ್ಷೇತ್ರ ಮಾಡಿದರೆ ಅಲ್ಲಿನ ಡೆಮಾಕ್ರಟರಿಗೆ ಒಂದು ಖಚಿತ, ಎರಡಾದರೂ ಆಗಬಹುದು. ಮೂರನೇ ಪಕ್ಷಕ್ಕೂ ಆಗ ಕಾಲಿಡಲು ಜಾಗ ಸಿಗುತ್ತದೆ.

ಇದಕ್ಕೆ ಸಂವಿಧಾನ ತಿದ್ದುವುದೂ ಬೇಕಿಲ್ಲ. ಪ್ರತಿನಿಧಿ ಸಭೆಗೆ ಒಂದು ಕ್ಷೇತ್ರದಿಂದ ಒಬ್ಬರೇ ಇರಬೇಕು ಅನ್ನುವುದು 1967ರಲ್ಲಿ ಮಾಡಿದ ಒಂದು ಸಾಮಾನ್ಯ ಕಾನೂನು. ಸಂಸತ್ತು ಬಹುಮತದಿಂದ ಅದನ್ನು ಬದಲಿಸಬಹುದು. ವರ್ಜೀನಿಯಾದ ಸದಸ್ಯ ಡಾನ್ ಬೇಯರ್ 2017ರಲ್ಲಿ ಅಂಥ ಮಸೂದೆ ಮಂಡಿಸಿದರು. ಆಮೇಲೂ ಅದನ್ನು ಮತ್ತೆ ತಂದರು. ಅದಿನ್ನೂ ಸಭೆಯಲ್ಲಿ ಪಾಸಾಗಿಲ್ಲ. ಅದಕ್ಕೆ ಮತ ಹಾಕಬೇಕಾದ 435 ಜನರಲ್ಲಿ ಪ್ರತಿಯೊಬ್ಬರೂ ಈಗಿನ ನಿಯಮದಲ್ಲೇ ಗೆದ್ದು ಬಂದವರು.